ಮೈದಾನಕ್ಕೆ ಗೆರೆ ಹಾಕುತ್ತಿದ್ದ ಕಾಕಾನನ್ನು ನೆನೆಯುವುದು ಹೇಗೆ

ಹುಬ್ಬಳ್ಳಿಯಲ್ಲೋ ಗದಗ-ಬೆಟಗೇರಿಯಲ್ಲೋ ಹಾಕಿ ಆಡಿ ಬೆಳೆದವರಿಗೆ ಇಂಥವರು ಒಬ್ಬರಾದರೂ ಗೊತ್ತಿರುತ್ತಾರೆ. ರೈಲ್ವೆ ವರ್ಕ್‌ಶಾಪಿನಲ್ಲಿ ಫಿಟ್ಟರ್, ಇಲ್ಲವೇ ಮಿಲ್ಲಿನ ಕೆಲಸಗಾರ, ಇಲ್ಲವೇ ಹಮಾಲ. ಶಿಫ್ಟ್ ಮುಗಿಸಿ, ಊಟದ ಡಬ್ಬಿಯನ್ನು ಸೈಕಲ್ ಹ್ಯಾಂಡಲ್ಲಿಗೆ ನೇತು ಹಾಕಿಕೊಂಡೇ ಮೈದಾನಕ್ಕೆ ಬರುತ್ತಿದ್ದವರು. ಯಾರೂ ಅವರನ್ನು ಕೋಚ್ ಅಂತ ನೇಮಿಸಿರಲಿಲ್ಲ. ಪಗಾರವೂ ಇರಲಿಲ್ಲ. ಅವರು ತೀರಿಕೊಂಡ ಮೇಲೆ ಹಳೆಯ ಹುಡುಗರು, ಈಗ ಅವರಿಗೂ ತಲೆ ನರೆತಿದೆ ಬಿಡಿ, "ಏನರ ಮಾಡಬೇಕಲ್ರೀ" ಅಂತ ಒಂದು ವಾಟ್ಸಾಪ್ ಗ್ರೂಪ್ ಮಾಡುತ್ತಾರೆ. ಒಂದಷ್ಟು ದಿನ ಕೈಮುಗಿದ ಇಮೋಜಿ. ಆಮೇಲೆ ಸರ್ಕಲ್ಲಿನಲ್ಲಿ ಒಂದು ಫ್ಲೆಕ್ಸ್. ಮಳೆ ಬಂದು ಫ್ಲೆಕ್ಸ್ ಹರಿದರೆ ಅಲ್ಲಿಗೆ ಮುಗೀತು.

ಅದಕ್ಕಿಂತ ಜಾಸ್ತಿ ಮಾಡಬೇಕು ಅನ್ನುವವರಿಗೆ ಈ ಬರಹ. ನಮ್ಮ ಓಣಿಯ ಕಾಕಾ ತೀರಿಕೊಂಡಾಗ ಮಾಡಿದ್ದನ್ನು, ಬೇರೆ ಊರಿನವರು ಮಾಡಿದ್ದನ್ನು ನೋಡಿ ಬರೆಯುತ್ತಿದ್ದೇನೆ. ನನ್ನ ಅಭಿಪ್ರಾಯ ಮೊದಲೇ ಹೇಳಿಬಿಡುತ್ತೇನೆ: ಇಂಥವರ ನೆನಪು ಉಳಿಯಬೇಕಾದರೆ ಅವರು ಮಾಡುತ್ತಿದ್ದ ಕೆಲಸಗಳ ಪಟ್ಟಿಯಿಂದ ಶುರು ಮಾಡಿ. ಫೋಟೋ, ಕಪ್, ಭಾಷಣ ಎಲ್ಲ ಆಮೇಲೆ.

ಮೊದಲು ಕೆಲಸದ ಪಟ್ಟಿ

ಒಂದು ನೂರು ಪುಟದ ನೋಟ್‌ಬುಕ್ ತಗೊಳ್ಳಿ. ಮೊದಲ ಪುಟದಲ್ಲಿ ಅವರ ಹೆಸರು. ಎರಡನೇ ಪುಟದಿಂದ ಅವರು ಮಾಡುತ್ತಿದ್ದ ಒಂದೊಂದೇ ಕೆಲಸ. "ಹಾಕಿಗೆ ಜೀವನ ಮುಡಿಪಿಟ್ಟರು" ಅಂತ ಬರೆಯಬೇಡಿ, ಅದು ಫ್ಲೆಕ್ಸಿಗೇ ಇರಲಿ. ಗೇಟಿನ ಕೀಲಿ ಯಾರ ಹತ್ತಿರ ಇರುತ್ತಿತ್ತು? ಬೆಳಿಗ್ಗೆ ಮೈದಾನದ ಕಲ್ಲು ಯಾರು ಆರಿಸುತ್ತಿದ್ದರು? ಕತ್ತಲಾದ ಮೇಲೆ ಮುಳ್ಳುಕಂಟಿಯಲ್ಲಿ ಕೈ ಹಾಕಿ ಬಾಲ್ ಹುಡುಕಿ, ಎಣಿಸಿ, ಚೀಲಕ್ಕೆ ತುಂಬಿಕೊಂಡು ಹೋಗುತ್ತಿದ್ದವರು ಯಾರು? ಅಂಡರ್-14 ಟೀಮಿಗೆ ವಯಸ್ಸಿನ ದಾಖಲೆ ಬೇಕು ಅಂದಾಗ ಹನ್ನೊಂದು ಮಕ್ಕಳ ಶಾಲೆಗಳಿಗೆ ಸೈಕಲ್ ತುಳಿದು, ಹೆಡ್ಮಾಸ್ತರರ ಸಹಿ ಹಾಕಿಸಿಕೊಂಡು ಬಂದವರು ಯಾರು? ಇದೆಲ್ಲ ಒಬ್ಬರೇ ಮಾಡುತ್ತಿದ್ದರು ಅಂತ ಎಲ್ಲರಿಗೂ ಗೊತ್ತಿತ್ತು. ಗೊತ್ತಿದ್ದಕ್ಕೇ ಯಾರೂ ಬರೆದಿಡಲಿಲ್ಲ.

ಪ್ರತಿ ಕೆಲಸದ ಪಕ್ಕ ಅದನ್ನು ಹೇಗೆ ಮಾಡುತ್ತಿದ್ದರು ಅಂತಲೂ ಬರೆಯಿರಿ. ನಮ್ಮ ಕಡೆ ಎರೆ ನೆಲ ಜಾಸ್ತಿ. ಬೇಸಿಗೆಯಲ್ಲಿ ಬೆರಳು ಹೋಗುವಷ್ಟು ಬಿರುಕು ಬಿಡುತ್ತದೆ, ಮಳೆಯಲ್ಲಿ ಬೂಟಿಗೆ ಮೆತ್ತಿಕೊಂಡು ಬಿಡೋದೇ ಇಲ್ಲ. ಅದರ ಮೇಲೆ ಗರಸು ಹಾಸಿ, ನೀರು ಹೊಡೆದು, ರೋಲರ್ ಎಳೆದು ಆಡುವ ಹಾಗೆ ಮಾಡುವುದು ಒಂದು ವಿದ್ಯೆ. ನಮ್ಮ ಕಾಕಾ ಗರಸನ್ನು ಜರಡಿ ಹಿಡಿಯದೆ ಹಾಕಲು ಬಿಡುತ್ತಿರಲಿಲ್ಲ. 160 ಗ್ರಾಂ ಆಸುಪಾಸಿನ ಗಟ್ಟಿ ಬಾಲ್ ಒಂದು ಸಣ್ಣ ಕಲ್ಲಿಗೆ ಬಡಿದು ಎದ್ದರೆ ಹುಡುಗನ ಹಲ್ಲು ಹೋಗುತ್ತದೆ ಅನ್ನುವುದು ಅವರ ಲೆಕ್ಕ. ಇಂಥದ್ದನ್ನು ಬರೆದರೆ ಓದುವವರಿಗೆ ಮನುಷ್ಯ ಕಾಣುತ್ತಾರೆ.

ಯಾರನ್ನು ಕೇಳುವುದು

ಮನೆಯವರಿಂದ ಶುರು. ಅದೂ ಹದಿಮೂರು ದಿನ ಕಳೆದ ಮೇಲೆ, ಮೊದಲೇ ಹೇಳಿ ಹೋಗಿ. ಏನು ಬರೆಯುತ್ತೀರಿ, ಎಲ್ಲಿ ಹಾಕುತ್ತೀರಿ ಅಂತ ಹೇಳಿ ಒಪ್ಪಿಗೆ ತಗೊಳ್ಳಿ. ಇನ್ನೊಂದು ಮಾತು. ನಮಗೆ ಅವರು ದೇವರಂಥವರು, ಆದರೆ ಮನೆಯವರಿಗೆ ಪ್ರತಿ ರವಿವಾರ ಮನೆಯಲ್ಲಿ ಇಲ್ಲದವರು. ಪಗಾರದಲ್ಲಿ ಸ್ಟಿಕ್ ಕೊಂಡು ತಂದವರು. "ನಿಮ್ಮ ಹಾಕಿ ಸಲುವಾಗಿ ನಮ್ಮ ಹುಡುಗಿ ಫೀ ತಡಾ ಆತು" ಅಂತ ಕಾಕು ಹೇಳಿದರೆ ಸುಮ್ನೆ ಕೇಳಿಸಿಕೊಳ್ಳಿ. ಸಮಜಾಯಿಷಿ ಕೊಡಲು ಹೋಗಬೇಡಿ. ಅವರು ಒಪ್ಪಿದರೆ ಅದೂ ಬರಹದಲ್ಲಿ ಬರಲಿ, ಯಾಕೆಂದರೆ ಆ ತಂಡ ಕಟ್ಟಿದ ಖರ್ಚಿನಲ್ಲಿ ಆ ಮನೆಯವರ ಪಾಲೂ ಇದೆ.

ಆಮೇಲೆ ಹಳೆಯ ಆಟಗಾರರು. ಇಲ್ಲಿ ಎಲ್ಲರೂ ಮಾಡುವುದೇನೆಂದರೆ ರಾಜ್ಯ ತಂಡಕ್ಕೆ ಹೋದವರನ್ನು, ಕ್ರೀಡಾ ಕೋಟಾದಲ್ಲಿ ನೌಕರಿ ಹಿಡಿದವರನ್ನು ಮಾತ್ರ ಹುಡುಕುವುದು. ಅವರು ಬೇಕು, ನಿಜ. ಆದರೆ ಎರಡು ವರ್ಷ ಆಡಿ ಬಿಟ್ಟವರು, ಬೆಂಚಿನ ಮೇಲೇ ಕೂತಿದ್ದವರು, ಶಾಲೆ ಬಿಟ್ಟು ಗ್ಯಾರೇಜಿಗೆ ಸೇರಿದವರು, ಮದುವೆಯಾಗಿ ಹಾವೇರಿಗೋ ರಾಣೆಬೆನ್ನೂರಿಗೋ ಹೋದ ಹುಡುಗಿಯರು, ಇವರ ಹತ್ತಿರ ಬೇರೆಯದೇ ಕಥೆ ಇರುತ್ತದೆ. ಗೆದ್ದವನ ಕಥೆಯಲ್ಲಿ ಗೆದ್ದವನೇ ದೊಡ್ಡವನಾಗಿ ಬಿಡುತ್ತಾನೆ. ಆಡಲು ಬಾರದ ಹುಡುಗನ ಜೊತೆ ಕಾಕಾ ಹೇಗಿದ್ದರು ಅಂತ ಆಡಲು ಬಾರದವನೇ ಹೇಳಬೇಕು.

ಹಾಕಿ ಆಡದವರನ್ನೂ ಬಿಡಬೇಡಿ. ಪ್ಯಾಡಿನ ಬಕಲ್ ಹೊಲಿದು ಕೊಡುತ್ತಿದ್ದ ಚಪ್ಪಲಿ ಹೊಲಿಯುವವರು, ಉದ್ರಿ ಲೆಕ್ಕದಲ್ಲಿ ಗಿರ್ಮಿಟ್-ಮಿರ್ಚಿ ಕೊಟ್ಟ ಅಂಗಡಿಯವರು, ಜರ್ಸಿಗೆ ನಂಬರ್ ಹೊಲಿದ ಟೇಲರ್. ಅಂಗಡಿಯ ಉದ್ರಿ ವಹಿಯಲ್ಲಿ ಒಂದು ಟೂರ್ನಿಯ ತಾರೀಖು ಸಿಕ್ಕರೂ ಆಶ್ಚರ್ಯವಿಲ್ಲ.

ಕೇಳುವ ರೀತಿಯೂ ಮುಖ್ಯ. "ಕಾಕಾ ಹೆಂಗಿದ್ದರು?" ಅಂದರೆ "ಭಾಳ ಚಲೋ ಮನಷ್ಯಾ ಇದ್ದರು" ಅಂತ ಉತ್ತರ ಬರುತ್ತದೆ, ಮುಂದೆ ಹೋಗುವುದಿಲ್ಲ. ಅದರ ಬದಲು, ನಿಮ್ಮ ಮೊದಲ ಸ್ಟಿಕ್ ಯಾರು ಕೊಟ್ಟರು, ಅದು ಮುರಿದಾಗ ಏನು ಮಾಡಿದರು, ಧಾರವಾಡಕ್ಕೆ ಮ್ಯಾಚಿಗೆ ಹೋಗುವಾಗ ಹೇಗೆ ಹೋದಿರಿ, ಸೋತು ಬಂದ ದಿನ ಏನು ತಿನ್ನಿಸಿದರು, ಯಾವಾಗ ಬೈದರು, ಏನಂತ ಬೈದರು ಅಂತ ಕೇಳಿ. ಬೈಗುಳ ಕೇಳಿದ ಕೂಡಲೇ ಮುಖ ಅರಳುತ್ತದೆ, ಮಾತು ಹೊರಡುತ್ತದೆ. ಫೋನಿನಲ್ಲಿ ರೆಕಾರ್ಡ್ ಮಾಡುವುದಿದ್ದರೆ ಹೇಳಿಯೇ ಮಾಡಿ. ಮಾತಿನ ಶುರುವಿಗೆ ಹೆಸರು, ತಾರೀಖು, ಊರು ಹೇಳಿಸಿ. ಮನೆಗೆ ಬಂದ ದಿನವೇ ಆ ಫೈಲಿಗೆ ಹೆಸರು ಕೊಟ್ಟು ಎರಡು ಕಡೆ ಉಳಿಸಿ. ಗ್ರೂಪಿನ ವಾಯ್ಸ್ ನೋಟ್‌ಗಳನ್ನು ನಂಬಿಕೊಂಡು ಕೂತರೆ ಫೋನ್ ಬದಲಾದಾಗ ಎಲ್ಲ ಹೋಗುತ್ತದೆ.

ಸೆಟ್ಲಮೆಂಟ್ ಓಣಿಗಳ ಬಗ್ಗೆ ಒಂದು ಮಾತು. ಹುಬ್ಬಳ್ಳಿ ಮತ್ತು ಗದಗ-ಬೆಟಗೇರಿಯ ಸೆಟ್ಲಮೆಂಟ್‌ಗಳಲ್ಲಿ ಹಾಕಿ ಬೇರು ಬಿಟ್ಟಿದ್ದು ನಮಗೆಲ್ಲ ಗೊತ್ತು. ಆ ಓಣಿಗಳು ಹುಟ್ಟಿದ್ದು ಬ್ರಿಟಿಷರ ಕಾಲದ ಕ್ರಿಮಿನಲ್ ಟ್ರೈಬ್ಸ್ ಕಾಯ್ದೆಯಿಂದ. 1871ರಲ್ಲಿ ಬಂದ ಆ ಕಾಯ್ದೆ ಹೋಗಿದ್ದು 1952ರಲ್ಲಿ. ಇಡೀ ಸಮುದಾಯವನ್ನೇ ಹುಟ್ಟಿನಿಂದ ಅಪರಾಧಿ ಅಂತ ಪಟ್ಟಿ ಮಾಡಿದ್ದ ಕಾಯ್ದೆ ಅದು, ಹಾಗೆ ಪಟ್ಟಿಯಾದವರನ್ನು ಇಟ್ಟ ಜಾಗಗಳೇ ಈ ಸೆಟ್ಲಮೆಂಟ್‌ಗಳು. ನೀವು ನೆನೆಯುವವರು ಆ ಓಣಿಯವರಾಗಿದ್ದರೆ ಇದನ್ನು ಬರೆಯಬೇಕೋ ಬೇಡವೋ, ಬರೆದರೆ ಯಾವ ಮಾತಿನಲ್ಲಿ, ಅಂತ ಆ ಮನೆಯವರು ಹೇಳಲಿ. ಹೊರಗಿನವರಾದ ನಾವು "ಕತ್ತಲಿನಿಂದ ಬೆಳಕಿಗೆ" ಅಂತೆಲ್ಲ ಹೆಡ್ಡಿಂಗ್ ಕೊಡುವುದು ಬೇಡ.

ವರ್ಷ ಹಿಡಿಯುವುದು

ಇದು ನನಗೆ ಎಲ್ಲಕ್ಕಿಂತ ಇಷ್ಟವಾದ ಭಾಗ. ಯಾರಿಗೂ ವರ್ಷ ನೆನಪಿರುವುದಿಲ್ಲ. "ಆಗ ನಾವು ಸಣ್ಣವರಿದ್ವಿ" ಅನ್ನುತ್ತಾರೆ ಅಷ್ಟೇ. ಆದರೆ ಆಟ ನೆನಪಿರುತ್ತದೆ, ಆಟದ ನಿಯಮಗಳು ಬದಲಾಗುತ್ತಾ ಬಂದಿವೆ. ಅದರಿಂದಲೇ ಕಾಲ ಹಿಡಿಯಬಹುದು.

ಮ್ಯಾಚ್ ಶುರುವಾಗುತ್ತಿದ್ದದ್ದು ಬುಲ್ಲಿಯಿಂದ, ಅಂದರೆ ಇಬ್ಬರು ಎದುರುಬದುರು ನಿಂತು ಸ್ಟಿಕ್ಕಿಗೆ ಸ್ಟಿಕ್ ತಟ್ಟಿ ಬಾಲ್ ಎಳೆದುಕೊಳ್ಳುವುದರಿಂದ ಅಂತ ಯಾರಾದರೂ ಹೇಳಿದರೆ, ಅದು 1980ರ ದಶಕದ ಆರಂಭಕ್ಕೂ ಹಿಂದಿನ ಮಾತು. ಆಫ್‌ಸೈಡ್ ಆಗಿ ಗೋಲ್ ಕ್ಯಾನ್ಸಲ್ ಆಯ್ತು ಅಂತ ಜಗಳ ನೆನೆದರೆ 1990ರ ದಶಕದ ಮಧ್ಯಕ್ಕಿಂತ ಮೊದಲು, ಯಾಕೆಂದರೆ 1996ರ ಸುಮಾರಿಗೆ ಹಾಕಿಯಲ್ಲಿ ಆಫ್‌ಸೈಡ್ ತೆಗೆದರು. 35 ನಿಮಿಷದ ಎರಡು ಹಾಫ್ ಹೋಗಿ 15 ನಿಮಿಷದ ನಾಲ್ಕು ಕ್ವಾರ್ಟರ್ ಬಂದದ್ದು ಅಂತರರಾಷ್ಟ್ರೀಯ ಟೂರ್ನಿಗಳಲ್ಲಿ 2014ರಿಂದ ಈಚೆಗೆ. ಹೊಸ ನಿಯಮ ನಮ್ಮ ಓಣಿ ಮೈದಾನಕ್ಕೆ ಬರುವುದು ತಡ, ಹಾಗಾಗಿ ಸ್ವಲ್ಪ ಹಿಂದೆ-ಮುಂದೆ ಹಿಡಿಯಿರಿ.

ದೊಡ್ಡ ಮ್ಯಾಚುಗಳೂ ಸಹಾಯ ಮಾಡುತ್ತವೆ. 1975ರಲ್ಲಿ ಕೌಲಾಲಂಪುರದಲ್ಲಿ ಪಾಕಿಸ್ತಾನವನ್ನು 2-1ರಲ್ಲಿ ಸೋಲಿಸಿ ವಿಶ್ವಕಪ್ ಗೆದ್ದಾಗ ಕಾಕಾ ಇನ್ನೂ ಆಡುತ್ತಿದ್ದರಾ, ಆಡಿಸುತ್ತಿದ್ದರಾ? 1982ರ ದೆಹಲಿ ಏಷ್ಯನ್ ಗೇಮ್ಸ್ ಫೈನಲ್ಲಿನಲ್ಲಿ ಅದೇ ಪಾಕಿಸ್ತಾನಕ್ಕೆ 7-1ರಲ್ಲಿ ಸೋತ ಮರುದಿನ ಮೈದಾನದಲ್ಲಿ ಏನಂದರು? ಇಂಥ ಪ್ರಶ್ನೆಗೆ ಹಿರಿಯರು ಎದ್ದು ಕೂರುತ್ತಾರೆ.

ಸರ್ಟಿಫಿಕೇಟು, ಬಿಲ್ಲು, ರೈಲ್ವೆ ಪಾಸು ಸಿಕ್ಕರೆ ಇನ್ನೂ ಸುಲಭ. ತಾರೀಖು ಅಳಿಸಿ ಹೋಗಿದ್ದರೂ ತಲೆಬರಹ ನೋಡಿ. "ಮೈಸೂರು ರಾಜ್ಯ" ಅಂತ ಇದ್ದರೆ 1973ರ ನವೆಂಬರ್‌ಗೂ ಮುಂಚಿನದು. ಗದಗಿನ ಕಾಗದದಲ್ಲಿ "ಜಿಲ್ಲಾ ಧಾರವಾಡ" ಇದ್ದರೆ ಬಹುಮಟ್ಟಿಗೆ 1997ಕ್ಕೂ ಹಿಂದಿನದು, ಗದಗ ಮತ್ತು ಹಾವೇರಿ ಪ್ರತ್ಯೇಕ ಜಿಲ್ಲೆಯಾದದ್ದೇ ಆ ವರ್ಷ. ರೈಲ್ವೆಯವರ ಕಾಗದ ಮತ್ತೂ ಚಲೋ: ಹುಬ್ಬಳ್ಳಿ ವಿಭಾಗ 1966ರ ತನಕ ಸದರ್ನ್ ರೈಲ್ವೆಯಲ್ಲಿತ್ತು, ಆಮೇಲೆ ಸೌತ್ ಸೆಂಟ್ರಲ್, 2003ರಿಂದ ಸೌತ್ ವೆಸ್ಟರ್ನ್. ಕಾಗದದ ಮೂಲೆಯಲ್ಲಿನ ಮುದ್ರೆ ಒಂದೇ ಸಾಕು.

ಫೋಟೋ ಸಿಕ್ಕರೆ ಹಿಂಬದಿಯ ಚಿತ್ರವನ್ನೂ ತಗೊಳ್ಳಿ. ಸ್ಟುಡಿಯೋ ಸೀಲು, ಪೆನ್ನಿನಲ್ಲಿ ಬರೆದ ಹೆಸರು ಅಲ್ಲೇ ಇರುತ್ತವೆ. ಲ್ಯಾಮಿನೇಷನ್ ಮಾಡಿಸಬೇಡಿ, ಆಮೇಲೆ ಬಿಚ್ಚಲಾಗುವುದಿಲ್ಲ. ಸ್ಕ್ಯಾನ್ ಮಾಡಿಸಿ ಮೂಲ ಫೋಟೋವನ್ನು ಅದೇ ದಿನ ವಾಪಸ್ ಕೊಡಿ. ತಂಡದ ಫೋಟೋದಲ್ಲಿ ಎಡದಿಂದ ಬಲಕ್ಕೆ ಹೆಸರು ಬರೆಸಿಕೊಳ್ಳಿ, ಗೊತ್ತಾಗದ ಮುಖಕ್ಕೆ ಪ್ರಶ್ನೆ ಚಿಹ್ನೆ ಹಾಕಿ. ಅಂದಾಜಿನ ಹೆಸರು ಮಾತ್ರ ಬೇಡ, ಒಂದು ಸಲ ತಪ್ಪು ಹೆಸರು ಅಚ್ಚಾದರೆ ಅದೇ ಖಾಯಂ.

ಬರೆಯುವಾಗ

ದೊಡ್ಡದು ಮಾಡಬೇಡಿ. ಸತ್ತ ಮೇಲೆ ಎಲ್ಲರೂ "ರಾಷ್ಟ್ರ ಮಟ್ಟದ ಆಟಗಾರ" ಆಗಿಬಿಡುತ್ತಾರೆ ನಮ್ಮಲ್ಲಿ. ಅವರು ಜಿಲ್ಲಾ ಮಟ್ಟಕ್ಕೆ ಆಡಿದ್ದರೆ ಅಷ್ಟೇ ಬರೆಯಿರಿ. ಆಡಿಯೇ ಇರದಿದ್ದರೆ ಅದನ್ನೂ ಬರೆಯಿರಿ. ಆಡದವರೊಬ್ಬರು ಅಷ್ಟು ಮಕ್ಕಳನ್ನು ಆಡಿಸಿದ್ದು ಇನ್ನೂ ಸೋಜಿಗದ ಸಂಗತಿ ಅಲ್ವಾ? ಸಿಟ್ಟು, ಹಟ, ಅಂಪೈರ್ ಜೊತೆ ಮಾಡಿಕೊಂಡ ಜಗಳ, ಮತ್ತೊಂದು ಕ್ಲಬ್ಬಿನವರ ಜೊತೆ ಮಾತು ಬಿಟ್ಟದ್ದು, ಎಲ್ಲ ಇರಲಿ. ಮನೆಯವರಿಗೆ ನೋವಾಗುವಂಥದ್ದನ್ನು ಬಿಟ್ಟು.

ಒಂದು ಕೆಲಸವನ್ನಾದರೂ ಪೂರ್ತಿ ವಿವರವಾಗಿ ಬರೆಯಿರಿ. ಸ್ಟಿಕ್ ಕಟ್ಟುವುದನ್ನೇ ತಗೊಳ್ಳಿ. ಆಗಿನ ಸ್ಟಿಕ್‌ಗಳು ಹಿಪ್ಪುನೇರಳೆ ಕಟ್ಟಿಗೆಯವು, ಜಲಂಧರ್, ಮೀರತ್ ಕಡೆಯಿಂದ ಬರುತ್ತಿದ್ದವು. ಸೀಳು ಬಿಟ್ಟ ಸ್ಟಿಕ್ಕನ್ನು ನಮ್ಮ ಕಾಕಾ ಮೊದಲು ಎರಡು ದಿನ ನೆರಳಲ್ಲಿ ಒಣಗಿಸುತ್ತಿದ್ದರು. ಒದ್ದೆ ಕಟ್ಟಿಗೆಗೆ ಅಂಟು ಹಿಡಿಯುವುದಿಲ್ಲ. ಬ್ಲೇಡಿನ ತುದಿಯಿಂದ ಸೀಳಿನೊಳಗಿನ ಮಣ್ಣು ಕೆರೆದು, ಫೆವಿಕಾಲ್ ತುಂಬಿ, ಬೆಂಚ್ ವೈಸಿನಲ್ಲಿ ಗೋಣಿ ತುಂಡು ಸುತ್ತಿ ಬಿಗಿದು ರಾತ್ರಿಯಿಡೀ ಬಿಡುವುದು. ಮರುದಿನ ಹುರಿ ದಾರವನ್ನು ಒಂದರ ಪಕ್ಕ ಒಂದು ಕೂತುಕೊಳ್ಳುವ ಹಾಗೆ ಸುತ್ತಿ, ಮೇಲೆ ಮತ್ತೆ ತೆಳುವಾಗಿ ಅಂಟು. ಹಿಡಿಕೆಗೆ ಹಳೆಯ ಸೈಕಲ್ ಟ್ಯೂಬಿನ ಪಟ್ಟಿ. ಆ ಸ್ಟಿಕ್ ಹಿಡಿದರೆ ಸ್ವಲ್ಪ ಭಾರ, ಆದರೆ ಇನ್ನೊಂದು ಸೀಸನ್ ಗ್ಯಾರಂಟಿ.

ಟೂರ್ನಿ ಮಾಡುವುದಿದ್ದರೆ

ಮಾಡಿ, ಆದರೆ ಸಣ್ಣದಾಗಿ. ಒಂದು ದಿನ, ಅಂಡರ್-14, ಅವರು ಆಡಿಸುತ್ತಿದ್ದ ಮೈದಾನದಲ್ಲೇ. ಹುಡುಗಿಯರ ತಂಡ ಇರಲೇಬೇಕು. ಮೈದಾನ ರೈಲ್ವೆಯದೋ, ಪಾಲಿಕೆಯದೋ, ಶಾಲೆಯದೋ ನೋಡಿ ಮೊದಲೇ ಲಿಖಿತ ಪರವಾನಗಿ ತಗೊಳ್ಳಿ. ಬಾಯಿಮಾತಿನ ಪರವಾನಗಿ ಆ ದಿನ ಬೆಳಿಗ್ಗೆ ಕೈ ಕೊಡುತ್ತದೆ.

ಆಗಸ್ಟ್ 29 ಧ್ಯಾನ್ ಚಂದ್ ಹುಟ್ಟಿದ ದಿನ, ರಾಷ್ಟ್ರೀಯ ಕ್ರೀಡಾ ದಿನ, ಅದೇ ದಿನ ಇಡೋಣ ಅಂತ ಯಾರಾದರೂ ಹೇಳೇ ಹೇಳುತ್ತಾರೆ. ಮಳೆಗಾಲದ ಎರೆ ನೆಲದಲ್ಲಿ ಬಾಲ್ ಉರುಳುವುದಿಲ್ಲ, ಟರ್ಫ್ ಸಿಕ್ಕರೆ ಮಾತ್ರ ಯೋಚಿಸಿ. ಏಪ್ರಿಲ್, ಮೇ ಬಿಸಿಲು ಬೇಡ. ಡಿಸೆಂಬರ್, ಜನವರಿ ಒಳ್ಳೆಯದು, ಬೆಳಿಗ್ಗೆ ಏಳಕ್ಕೆ ಶುರು.

ಹಿಂದಿನ ದಿನ ಗೆರೆ ಹಾಕುವುದನ್ನು ಮಕ್ಕಳ ಕೈಯಲ್ಲೇ ಮಾಡಿಸಿ. ಪೂರ್ತಿ ಮೈದಾನ 91.40 ಮೀಟರ್ ಉದ್ದ, 55 ಮೀಟರ್ ಅಗಲ. ಜಾಗ ಕಡಿಮೆಯಿದ್ದರೆ ಅಳತೆ ಇಳಿಸಿ, ಆದರೆ ಡಿ, ಅಂದರೆ ಗೋಲಿನ ಮುಂದಿನ ಅರ್ಧ ವೃತ್ತದಂಥ ಗೆರೆ, ಸರಿಯಾಗಿರಲಿ. ಗೋಲಿನ ಕಂಬಗಳ ನಡುವೆ 3.66 ಮೀಟರ್. ಒಬ್ಬರು ಒಂದು ಕಂಬದ ಒಳಮೂಲೆಯಲ್ಲಿ ಹಗ್ಗದ ತುದಿ ಹಿಡಿದು ಕೂರಬೇಕು. ಇನ್ನೊಬ್ಬರು 14.63 ಮೀಟರಿಗೆ ಗಂಟು ಹಾಕಿದ ಕಡೆ ಹಿಡಿದು, ಹಗ್ಗ ಸಡಿಲ ಬಿಡದೆ, ಹಿಂದಿನ ಗೆರೆಯಿಂದ ಕಂಬದ ನೇರಕ್ಕೆ ಮುಂದೆ ಬರುವ ತನಕ ಕಾಲು ಭಾಗ ಸುತ್ತಬೇಕು. ಆ ಕಡೆಯ ಕಂಬದಿಂದಲೂ ಹಾಗೇ. ಎರಡೂ ತುದಿ ಸೇರಿಸುವ ನೇರ ಗೆರೆ ಮತ್ತೆ 3.66 ಮೀಟರ್ ಬಂದರೆ ಸರಿ ಬಂದಿದೆ ಅಂತ ಅರ್ಥ. ಪೆನಾಲ್ಟಿ ಸ್ಪಾಟ್ ಗೋಲಿನಿಂದ 6.40 ಮೀಟರ್. ಹಳಬರ ಬಾಯಲ್ಲಿ ಇದೇ ಅಳತೆ ಹದಿನಾರು ಯಾರ್ಡ್, ನಾಲ್ಕು ಯಾರ್ಡ್, ಏಳು ಯಾರ್ಡ್. ನೈಲಾನ್ ಹಗ್ಗ ಎಳೆದಂತೆ ಹಿಗ್ಗುತ್ತದೆ, ಬೇಡ. ಸುಟ್ಟ ಸುಣ್ಣ ಅಂತೂ ಬೇಡವೇ ಬೇಡ, ಬಾಗಿ ಆಡುವ ಮಕ್ಕಳ ಕಣ್ಣಿಗೆ ಅಪಾಯ. ರಂಗೋಲಿ ಪುಡಿ ಸಾಕು, ನಾಲ್ಕು ಬೆರಳಗಲ ಗೆರೆ.

ಗೋಲ್‌ಕೀಪರ್ ಹೆಲ್ಮೆಟ್, ಪ್ಯಾಡ್ ಇಲ್ಲದ ತಂಡಕ್ಕೆ ಇನ್ನೊಂದು ತಂಡದ್ದು ಕೊಡಿಸಿ, ಅದಿಲ್ಲದೆ ಯಾರನ್ನೂ ಗೋಲಿನಲ್ಲಿ ನಿಲ್ಲಿಸಬೇಡಿ. ಮೊಣಕಾಲಿನ ಕೆಳಗೆ ಶಿನ್ ಗಾರ್ಡ್, ಬಾಯಿಗೆ ಮೌತ್ ಗಾರ್ಡ್. ಪ್ರಥಮ ಚಿಕಿತ್ಸೆ ಡಬ್ಬಿ, ಐಸು, ಒಂದು ಗಾಡಿ ತಯಾರಿರಲಿ.

ಮುಖ್ಯ ಅತಿಥಿಗಳ ವಿಷಯ. ಹತ್ತಕ್ಕೆ ಬರುತ್ತೇನೆ ಅಂದವರು ಹನ್ನೆರಡಕ್ಕೆ ಬರುತ್ತಾರೆ, ಅಲ್ಲಿಯ ತನಕ ಮಕ್ಕಳು ಬಿಸಿಲಲ್ಲಿ ಸಾಲಾಗಿ ನಿಂತಿರುತ್ತಾರೆ. ಕಾಕಾ ಇದ್ದಿದ್ದರೆ ಸೀಟಿ ಊದಿ ಮ್ಯಾಚ್ ಶುರು ಮಾಡುತ್ತಿದ್ದರು. ನೀವೂ ಹಾಗೇ ಮಾಡಿ. ಉದ್ಘಾಟನೆ ಮಧ್ಯದಲ್ಲಾದರೂ ನಡೆಯುತ್ತದೆ. ಬಹುಮಾನಕ್ಕೆ ಆಳೆತ್ತರದ ಕಪ್ ತರಬೇಡಿ, ಆ ದುಡ್ಡಿಗೆ ಸ್ಟಿಕ್, ಬಾಲ್, ಶಿನ್ ಗಾರ್ಡ್ ಕೊಡಿ.

ಪ್ರತಿ ವರ್ಷ ಅದೇ ನಾಲ್ಕು ಜನರೇ ಓಡಾಡಿದರೆ ಮೂರನೇ ವರ್ಷಕ್ಕೆ ನಿಲ್ಲುತ್ತದೆ. ಕೊಡಗಿನವರನ್ನು ನೋಡಿ. ಬ್ಯಾಂಕಿನಲ್ಲಿ ಕೆಲಸ ಮಾಡುತ್ತಿದ್ದ ಪಾಂಡಂಡ ಕುಟ್ಟಪ್ಪ ಅವರು 1997ರಲ್ಲಿ ಕರಡ ಅನ್ನುವ ಊರಿನಲ್ಲಿ 60 ಕುಟುಂಬಗಳ ಹಾಕಿ ಹಬ್ಬ ಶುರು ಮಾಡಿದರು. ಆಮೇಲೆ ಒಂದೊಂದು ವರ್ಷ ಒಂದೊಂದು ಕುಟುಂಬ ವಹಿಸಿಕೊಂಡು ನಡೆಸುತ್ತಾ ಬಂತು, ತಂಡಗಳು ನೂರಾರಾದವು. ನಮ್ಮಲ್ಲಿ ಕುಟುಂಬದ ಬದಲು ಓಣಿ ಇಟ್ಟುಕೊಳ್ಳಬಹುದು. ಈ ವರ್ಷ ಒಂದು ಓಣಿ, ಮುಂದಿನ ವರ್ಷ ಇನ್ನೊಂದು.

ದುಡ್ಡು

ಒಬ್ಬರ ಫೋನ್‌ಪೇ ನಂಬರಿಗೆ ಹಣ ಹಾಕಿಸಬೇಡಿ, ಎಷ್ಟೇ ಪ್ರಾಮಾಣಿಕರಿದ್ದರೂ ಮಾತು ಬರುತ್ತದೆ. ಇಬ್ಬರ ಸಹಿಯ ಬ್ಯಾಂಕ್ ಖಾತೆ ತೆರೆಯಿರಿ, ಲೆಕ್ಕ ಗ್ರೂಪಿಗೆ ಹಾಕಿ. ಸಂಘ ನೋಂದಾಯಿಸುವುದಾದರೆ ಕರ್ನಾಟಕ ಸಂಘಗಳ ನೋಂದಣಿ ಕಾಯ್ದೆ, 1960ರ ಪ್ರಕಾರ ಕನಿಷ್ಠ 7 ಜನ ಸದಸ್ಯರು ಬೇಕು. ಅದಕ್ಕೆ ಪ್ರತಿ ವರ್ಷ ಲೆಕ್ಕಪತ್ರ ಒಪ್ಪಿಸುವ ತಾಪತ್ರಯವೂ ಇದೆ, ಆಗುತ್ತದೆ ಅನ್ನಿಸಿದರೆ ಮಾತ್ರ ಕೈ ಹಾಕಿ.

ಧಾರವಾಡದ ಕಡೆಯವರಿಗೆ ದತ್ತಿ ಹೊಸದಲ್ಲ. 1890ರಲ್ಲಿ ಹುಟ್ಟಿದ ಕರ್ನಾಟಕ ವಿದ್ಯಾವರ್ಧಕ ಸಂಘದಲ್ಲಿ ದತ್ತಿ ಉಪನ್ಯಾಸಗಳು ನಡೆಯುತ್ತಲೇ ಇರುತ್ತವೆ. ಅದೇ ಕ್ರಮ ಇಲ್ಲೂ ಆಗಬಹುದು. ಅಸಲು ಮುಟ್ಟದೆ ಬಡ್ಡಿಯಲ್ಲಿ ಖರ್ಚು. 50,000 ರೂಪಾಯಿ ಠೇವಣಿಗೆ 7% ಬಡ್ಡಿ ಅಂದುಕೊಂಡರೆ ವರ್ಷಕ್ಕೆ 3,500 ಬರುತ್ತದೆ. ಅಷ್ಟರಲ್ಲಿ ಟೂರ್ನಿ ಆಗುವುದಿಲ್ಲ, ಆದರೆ ವರ್ಷದ ಬಾಲ್ ಖರ್ಚಿಗೆ ಒಂದು ಆಧಾರ ಆಗುತ್ತದೆ. ಇಷ್ಟು ಸಣ್ಣದಕ್ಕೆ ದತ್ತಿ ಯಾಕೆ ಅನ್ನುವವರಿಗೆ, ಬಾಲ್ ಇಲ್ಲದೆ ಪ್ರಾಕ್ಟೀಸ್ ನಿಂತ ಸಂಜೆಗಳನ್ನು ಹಳೆಯ ಆಟಗಾರರೇ ನೆನಪಿಸುತ್ತಾರೆ.

ಮೈದಾನಕ್ಕೋ ರಸ್ತೆಗೋ ಹೆಸರಿಡಿಸುವುದು ಪಾಲಿಕೆ ಠರಾವಿನ ಕೆಲಸ, ವರ್ಷಗಟ್ಟಲೆ ಹಿಡಿಯಬಹುದು. ಅರ್ಜಿ ಕೊಟ್ಟು ಬೆನ್ನು ಹತ್ತಿ, ಆದರೆ ಅದನ್ನೇ ಕಾಯುತ್ತಾ ಕೂರಬೇಡಿ.

ಪಟ್ಟಿ ಹಂಚುವುದು

ಈಗ ಆ ನೋಟ್‌ಬುಕ್ ಮತ್ತೆ ತೆಗೆಯಿರಿ. ಟೂರ್ನಿಯ ಸಂಜೆ, ಎಲ್ಲರೂ ಇನ್ನೂ ಅಲ್ಲೇ ಇರುವಾಗ, ಒಂದೊಂದು ಕೆಲಸ ಓದಿ ಹೇಳಿ, ಇದನ್ನು ಈ ವರ್ಷ ಯಾರು ಮಾಡುತ್ತೀರಿ ಅಂತ ಕೇಳಿ. ಕೀಲಿ ಒಬ್ಬರಿಗೆ. ಬಾಲ್ ಚೀಲ ಇನ್ನೊಬ್ಬರಿಗೆ. ಶಾಲೆಗಳಿಗೆ ಓಡಾಡುವುದು ಬೈಕ್ ಇದ್ದವರಿಗೆ. ಸ್ಟಿಕ್ ರಿಪೇರಿ ಕೈ ಕೆಲಸ ಬಲ್ಲವರಿಗೆ, ಈಗಿನ ಫೈಬರ್ ಸ್ಟಿಕ್‌ಗಳಿಗೆ ಹಳೆಯ ಉಪಾಯ ನಡೆಯುವುದಿಲ್ಲ, ಅದನ್ನು ಅವರು ಹೊಸದಾಗಿ ಕಲಿಯಬೇಕು. ಸೋತ ಮಕ್ಕಳಿಗೆ ಚಹಾ-ಮಿರ್ಚಿ ಕೊಡಿಸುವುದು ಪಗಾರ ಚೆನ್ನಾಗಿರುವವರಿಗೆ. ಹೆಸರು, ಫೋನ್ ನಂಬರ್ ಬರೆದುಕೊಳ್ಳಿ.

ಒಬ್ಬರೇ ಮಾಡುತ್ತಿದ್ದ ಕೆಲಸಕ್ಕೆ ಎಂಟು ಹತ್ತು ಜನ ಬೇಕಾಗುತ್ತದೆ. ಕೆಲವಕ್ಕೆ ಯಾರೂ ಕೈ ಎತ್ತುವುದಿಲ್ಲ. ಕಲ್ಲು ಆರಿಸುವುದಕ್ಕೆ ನಮ್ಮಲ್ಲೂ ಯಾರೂ ಬರಲಿಲ್ಲ. ಕೊನೆಗೆ ಪ್ರಾಕ್ಟೀಸಿಗೆ ಬರುವ ಪ್ರತಿಯೊಬ್ಬರೂ ಇಪ್ಪತ್ತು ಕಲ್ಲು ಆರಿಸಿ ಬಕೆಟ್ಟಿಗೆ ಹಾಕಿದ ಮೇಲೆಯೇ ಸ್ಟಿಕ್ ಮುಟ್ಟಬೇಕು ಅಂತ ನಿಯಮ ಮಾಡಿದೆವು. ಹುಡುಗರು ಗೊಣಗುತ್ತಾರೆ, ಆರಿಸುತ್ತಾರೆ.

ಬರಹ ಸಿದ್ಧವಾದ ಮೇಲೆ ನಾಲ್ಕಾರು ಪ್ರಿಂಟ್ ತೆಗೆಸಿ. ಮೊದಲನೆಯದು ಮನೆಯವರಿಗೆ, ಒಂದು ಅವರು ಮಕ್ಕಳನ್ನು ಕರೆತರುತ್ತಿದ್ದ ಶಾಲೆಗೆ, ಒಂದು ಊರಿನ ಗ್ರಂಥಾಲಯಕ್ಕೆ. ನೋಟ್‌ಬುಕ್ ಮಾತ್ರ ಯಾರ ಮನೆಗೂ ಹೋಗುವುದು ಬೇಡ, ಬಾಲ್ ಚೀಲದ ಜೊತೆ ಮೈದಾನದಲ್ಲೇ ಇರಲಿ, ಪ್ಲಾಸ್ಟಿಕ್ ಕವರಿನಲ್ಲಿ ಹಾಕಿ.